ನೀರಿನವಳು, ಬ್ಯಾಂಕಿನವನು

ಅಮ್ಮಾನ್ ನಗರಕ್ಕೆ ಹತ್ತಿರದ ಸಲ್ತ್ ಊರಿನ ಕೋಟೆ ಬೆಟ್ಟದ ಆ ಓಣಿಗೆ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಂದೇ ದಿನ, ಭಾನುವಾರ. ಅಂದು ಮಾಳಿಗೆಯ ಮೇಲಿನ ಎರಡೂ ಟ್ಯಾಂಕು ತುಂಬಬೇಕು, ವಾರದ ಬಟ್ಟೆ ಒಗೆಯಬೇಕು, ಮೆಟ್ಟಿಲು ತೊಳೆಯಬೇಕು. ಅಂಥ ದಿನವೇ ಮಗಳು ಗೈದಾ ತನ್ನ ಕಬ್ಬಿಣದ ಪೆಟ್ಟಿಗೆ ಎತ್ತಿಕೊಂಡು ಹೊರಟದ್ದು ನೋಡಿ ತಾಯಿಗೆ ರೇಗಿತು.

"ಮನೆ ನೀರು ಬಿಟ್ಟು ಊರವರ ನೀರು ನೋಡೋಕೆ ಹೊರಟ್ಲು ಮಹಾರಾಣಿ!"

"ಅಮ್ಮ, ನೀರು ಬಂದಾಗ ತಾನೆ ಪೈಪು ಸೋರೋದು ಗೊತ್ತಾಗೋದು? ಬೆಳಗ್ಗೆಯಿಂದ ನಾಲ್ಕು ಫೋನ್ ಬಂದಿದೆ."

"ಬಟ್ಟೆ ಯಾರು ಹಿಂಡ್ತಾರೆ?"

"ಒಳಗೆ ನಿನ್ನ ಮಗ ಮಲಗಿದಾನಲ್ಲ, ಎಬ್ಬಿಸು."

"ಅವನು ಗಂಡಸು ಕಣೇ."

"ಗಂಡಸರ ಬಟ್ಟೇನೂ ಇದೆಯಲ್ಲ ಆ ಬುಟ್ಟೀಲಿ."

ಕಿಟಕಿಯ ಪಕ್ಕ ಕೂತು ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದ ನಿಜ್ಮಾ ಅಜ್ಜಿ ತಲೆಯೆತ್ತದೆಯೇ ಗೊಣಗಿದಳು. "ಕಂಡವರ ಕಕ್ಕಸಿನ ಪೈಪಿಗೆ ಕೈ ಹಾಕ್ತಾಳೆ, ಮನೆಗೆ ಬಂದು ಅದೇ ಕೈಯಲ್ಲಿ ಎಲೆ ಸುತ್ತುತಾಳೆ. ಇವಳು ಸುತ್ತಿದ್ದನ್ನ ನಾನಂತೂ ತಿನ್ನಲ್ಲಪ್ಪ."

"ನಿನ್ನೆ ಇಪ್ಪತ್ತು ತಿಂದೆಯಲ್ಲ ಅಜ್ಜಿ."

"ಹಸಿವಾಗಿತ್ತು," ಎಂದಳು ಅಜ್ಜಿ.

ಗೈದಾಗೆ ಇಪ್ಪತ್ತೇಳು. ಎರಡು ವರ್ಷದ ಹಿಂದೆ ಆರು ತಿಂಗಳ ತರಬೇತಿಗೆ ಸೇರಿ ಪ್ಲಂಬರ್ ಆಗಿದ್ದಳು. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಪೈಪು ಒಡೆದರೆ ಪರ ಗಂಡಸನ್ನು ಮನೆಯೊಳಗೆ ಬಿಟ್ಟುಕೊಳ್ಳಲಾರದ ಹೆಂಗಸರಿಗೆ ಅವಳ ನಂಬರ್ ಬಾಯಿಪಾಠವಾಗಿತ್ತು. ತಮ್ಮ ಮುತಾಜ್ ಲೆಕ್ಕಶಾಸ್ತ್ರ ಓದಿ, ಕೆಲಸ ಸಿಗದೆ ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಆದರೂ ತಾಯಿಯನ್ನು ಓಣಿಯವರೆಲ್ಲ ಆ ಮಗನ ಹೆಸರಿನಿಂದಲೇ ಉಮ್ ಮುತಾಜ್ ಎಂದು ಕರೆಯುತ್ತಿದ್ದರು. ತಂದೆ ಅಬು ಮುತಾಜ್ ಮೂವತ್ತು ವರ್ಷ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡು ಮನೆಯಲ್ಲಿದ್ದ. ಜಗಳ ಶುರುವಾದರೆ ಅವನು ರೇಡಿಯೋದ ಸದ್ದು ಸ್ವಲ್ಪ ಹೆಚ್ಚಿಸುತ್ತಿದ್ದ.

ಉಮ್ ಮುತಾಜಳ ಸಿಟ್ಟಿಗೆ ಬಟ್ಟೆಯೊಂದೇ ಕಾರಣವಲ್ಲ. ಆ ವರ್ಷ ಗೈದಾಳನ್ನು ನೋಡಲು ಬಂದ ಮೂವರೂ ಕೈತಪ್ಪಿದ್ದರು. ಒಬ್ಬ ಮೇಷ್ಟ್ರು, ಹೋಟೆಲಿನಲ್ಲಿ ಎದುರು ಕೂತು, "ನಾನು ಪ್ಲಂಬರ್" ಎಂದು ಅವಳು ಹೇಳಿದ ಕೂಡಲೆ ಕೈ ತೊಳೆದು ಬರುತ್ತೇನೆಂದು ಎದ್ದು ಹೋದವನು ಇನ್ನೂ ತೊಳೆಯುತ್ತಲೇ ಇದ್ದಾನೆ. ಇನ್ನೊಬ್ಬ ಮಾತಿನಲ್ಲಿ ಬೆಣ್ಣೆಯಂಥವನು, ಎರಡನೆಯ ಭೇಟಿಯ ಮರುದಿನ ಫೋನಿಗೆ ಚಿತ್ರ ಕಳಿಸಿದ. ಹೂವಿನ ಚಿತ್ರವಿರಬಹುದೆಂದು ತೆರೆದರೆ ಅವನ ಅಡುಗೆಮನೆಯ ಕಟ್ಟಿಕೊಂಡ ಸಿಂಕು. ಮೂರನೆಯವನು ತಾಯಿಯನ್ನು ಕರೆತಂದಿದ್ದ. ಆಕೆ ಗೈದಾಳ ಉಗುರುಗಳನ್ನು ಒಂದೊಂದಾಗಿ ನೋಡಿ, ಚಹಾ ಬೇಡವೆಂದಳು.

ಆದ್ದರಿಂದ ಸುಬ್ಹಿಯಾ ಚಿಕ್ಕಮ್ಮ ಹೊಸ ಗಂಡು ತಂದಾಗ ಉಮ್ ಮುತಾಜ್ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಹುಡುಗ ಬ್ಯಾಂಕಲ್ಲಿದಾನೆ. ಸ್ವೇಲೆಹ್ ಊರಿನವರು. ತಂದೆ ಇಲ್ಲ, ತಾಯಿ ಒಬ್ಬಳೇ. ನೀನು ನೀರಿನ ಇಲಾಖೇಲಿ ಇದೀಯ ಅಂತ ಹೇಳಿದೀವಿ."

"ಇಲಾಖೇಲಾ?"

"ಸುಳ್ಳೇನಲ್ಲ. ನೀರಿನ ಕೆಲಸ ತಾನೆ? ಮಾತು ಗಟ್ಟಿಯಾಗೋವರೆಗೆ ಬಾಯಿ ಮುಚ್ಕೊಂಡಿರು. ಆಮೇಲೆ ಹೇಗೂ ಬಿಟ್ಟರಾಯ್ತು."

"ಏನನ್ನ ಬಿಡೋದು?"

ಉಮ್ ಮುತಾಜ್ ಪಾತ್ರೆ ಉಜ್ಜತೊಡಗಿದಳು.

ಗುರುವಾರ ಸಂಜೆ ತಾಯಿ ಮಗ ಬಂದರು. ಗೈದಾ ಬೇಡವೆನ್ನಲು ಸಿದ್ಧಳಾಗಿಯೇ ಹಣ್ಣಿನ ರಸದ ತಟ್ಟೆ ಹಿಡಿದು ಬಂದಳು. ಹುಡುಗನ ಹೆಸರು ಔಸ್. ಎತ್ತರದವನು, ಇಸ್ತ್ರಿಯ ಅಂಗಿ, ನೆಟ್ಟಗೆ ಕೂರುವ ಅಭ್ಯಾಸ. ಅವನ ತಾಯಿ ಉಮ್ ಔಸ್ ಗೋಡೆ, ಪರದೆ, ನೆಲಹಾಸು ಎಲ್ಲವನ್ನೂ ಸುತ್ತ ನೋಡಿದಳು.

"ಬ್ಯಾಂಕಿನಲ್ಲಿ ಜವಾಬ್ದಾರಿ ಜಾಸ್ತಿ ಇರಬೇಕಲ್ಲ?" ಎಂದು ಉಮ್ ಮುತಾಜ್ ಕೇಳಿದಳು.

"ಬೆಳಗ್ಗೆ ಬಾಗಿಲು ತೆಗೆಸೋದೇ ನಾನು," ಎಂದ ಔಸ್. "ನಾನು ಹೂಂ ಅನ್ನದೆ ಒಬ್ಬರೂ ಒಳಗೆ ಹೋಗೋ ಹಾಗಿಲ್ಲ."

ಉಮ್ ಮುತಾಜ್ ಗಂಡನ ಮುಖ ನೋಡಿ ಕಣ್ಣರಳಿಸಿದಳು. ಉಮ್ ಔಸ್ ಕೆಮ್ಮಿದಳು.

"ನಿಮ್ಮ ಕೆಲಸ ಹೇಗೆ?" ಎಂದು ಔಸ್ ಗೈದಾಳನ್ನು ಕೇಳಿದ.

"ಪ್ರೆಷರ್ ಜಾಸ್ತಿ," ಎಂದಳು ಗೈದಾ. "ಕೆಲವು ದಿನ ಪ್ರೆಷರ್ರೇ ಇರಲ್ಲ. ಅದು ಇನ್ನೂ ಕಷ್ಟ."

ಅವನು ನಕ್ಕುಬಿಟ್ಟ. ಏನೂ ಗೊತ್ತಿಲ್ಲದೆಯೇ ನಕ್ಕಿದ್ದ, ಆದರೆ ಆ ನಗೆ ದೊಡ್ಡದಾಗಿತ್ತು. ಕೈಯಲ್ಲಿದ್ದ ರಸ ತುಳುಕಿ ಇಸ್ತ್ರಿಯ ಅಂಗಿಯ ಮೇಲೆ ಬಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ. ಅವರು ಹೋದ ಮೇಲೆ ಗೈದಾ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ಏನು, ಇವನಲ್ಲೂ ಹುಳುಕು ಸಿಕ್ತಾ?" ಎಂದಳು ತಾಯಿ.

"ಇಲ್ಲ. ಅದೇ ತೊಂದರೆ ಆಗಿರೋದು."

ಅಲ್ಲಿಂದ ಮೂರು ವಾರ, ಪ್ರತಿ ಶುಕ್ರವಾರ, ಮುತಾಜನ ಕಾವಲಿನಲ್ಲಿ ಇಬ್ಬರೂ ಹೊರಗೆ ಭೇಟಿಯಾದರು. ಮುತಾಜ್ ಪಕ್ಕದ ಮೇಜಿನಲ್ಲಿ ಕೂತು ಔಸ್ ಕೊಡಿಸಿದ ಕುನಾಫಾ ಸಿಹಿಯ ತಟ್ಟೆಗಳನ್ನು ಖಾಲಿ ಮಾಡುತ್ತಿದ್ದ. ಗೈದಾ ಪ್ರತಿ ಸಲವೂ ಇಂದು ಹೇಳಿಬಿಡೋಣವೆಂದು ಬಾಯಿ ತೆರೆಯುವಳು, ಔಸ್ ಕೂಡ ಅದೇ ಹೊತ್ತಿಗೆ "ನಾನೊಂದು ಮಾತು..." ಎನ್ನುವನು; "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಎಂದು ಇಬ್ಬರೂ ಸುಮ್ಮನಾಗುವರು. ಮೂರನೆಯ ವಾರ ಮಾತಿನ ನಡುವೆ ಫೋನು ಬಂತು. ಹಸುಗೂಸು ಮಡಿಲಲ್ಲಿಟ್ಟುಕೊಂಡ ಒಬ್ಬ ಬಾಣಂತಿ ಅಳುತ್ತಿದ್ದಳು. ಬಿಸಿನೀರಿನ ಪೈಪು ಕಳಚಿ ಕೋಣೆಯಲ್ಲೆಲ್ಲ ನೀರು ನಿಂತಿತ್ತಂತೆ.

"ನಮ್ಮ ದೊಡ್ಡಮ್ಮನಿಗೆ ಹುಷಾರಿಲ್ಲವಂತೆ," ಎಂದು ಗೈದಾ ಎದ್ದು ಓಡಿದಳು.

ಸಂಜೆ ಮನೆಗೆ ಬಂದಾಗ ಬಟ್ಟೆ ಒದ್ದೆ, ಮುಖ ಕೆಂಪು.

"ಅಮ್ಮ, ನಾನು ಇವತ್ತು ನನ್ನ ಕೆಲಸದ ಹೆಸರು ಹೇಳೋಕೆ ನಾಚಿಕೆಪಟ್ಟೆ. ಎರಡು ವರ್ಷದಲ್ಲಿ ಇದೇ ಮೊದಲು. ಇಲ್ಲದ ದೊಡ್ಡಮ್ಮನಿಗೆ ಕಾಯಿಲೆ ಬರಿಸಿದೆ. ನನಗಿದು ಸಾಕು."

"ಇನ್ನೊಂದು ತಿಂಗಳು ತಡ್ಕೋ ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

"ಒಂದು ದಿನವೂ ಇಲ್ಲ."

ಮಂಗಳವಾರ ಅವಳು ನೀಲಿ ಕೆಲಸದ ಬಟ್ಟೆ ತೊಟ್ಟು, ತಲೆವಸ್ತ್ರ ಬಿಗಿದು ಕಟ್ಟಿ, ಪೆಟ್ಟಿಗೆ ಹಿಡಿದು ಅಮ್ಮಾನ್ ನಗರದ ಬಸ್ಸು ಹತ್ತಿದಳು. ಔಸ್ ಹೇಳಿದ್ದ ಬ್ಯಾಂಕಿಗೇ ಹೋಗಿ, ಅವನ ಮೇಜಿನ ಮುಂದೆ ಹೀಗೇ ನಿಂತು, ನಾನು ಇಂಥವಳು ಎಂದುಬಿಡುವುದು. ಬೇಕಾದರೆ ಬರಲಿ, ಬೇಡವಾದರೆ ಅವನೂ ಕೈ ತೊಳೆಯಲು ಹೋಗಲಿ. ದಾರಿಯುದ್ದಕ್ಕೂ ಅದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಳು.

ಬ್ಯಾಂಕಿನ ಗಾಜಿನ ಬಾಗಿಲಲ್ಲಿ ಕಾವಲುಗಾರನೊಬ್ಬ ಒಬ್ಬ ಮುದುಕನಿಗೆ ಚೀಟಿ ತುಂಬಲು ಹೇಳಿಕೊಡುತ್ತಿದ್ದ. ಅವನು ಬೆನ್ನು ತಿರುಗಿಸಿಕೊಂಡೇ ಕೈ ಅಡ್ಡ ಹಿಡಿದ.

"ಪೆಟ್ಟಿಗೆ ಒಳಗೆ ಬಿಡೋ ಹಾಗಿಲ್ಲ. ಏನಿದೆ ತೋರಿಸಿ."

"ಪೈಪ್ ರೆಂಚು," ಎಂದಳು ಗೈದಾ. "ಎರಡು ನಲ್ಲಿ. ವಾಷರ್."

ದನಿ ಕೇಳಿ ಕಾವಲುಗಾರ ತಿರುಗಿದ. ಔಸ್! ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ತಲೆಗೆ ಟೋಪಿ, ಕೈಯಲ್ಲಿ ಲೋಹ ಪರೀಕ್ಷಿಸುವ ಕೋಲು. ಕೋಲು ಅವಳ ಪೆಟ್ಟಿಗೆಗೆ ತಗುಲಿ ಕುಯ್ ಕುಯ್ ಎಂದು ಒದರುತ್ತಲೇ ಇತ್ತು. ಅದನ್ನು ಆರಿಸಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ಈ ಪೆಟ್ಟಿಗೆ..." ಎಂದ.

"ನನ್ನದೇ. ಆ ಟೋಪಿ?"

"ನನ್ನದೇ."

ಮುದುಕ ಇಬ್ಬರನ್ನೂ ನೋಡಿ, "ಇವರು ಕಳ್ಳಿಯಾ?" ಎಂದು ಕೇಳಿದ.

"ಅಲ್ಲ ತಾತ. ಕಳ್ಳ ಇಲ್ಲಿ ಬಾಗಿಲಲ್ಲಿದಾನೆ," ಎಂದಳು ಗೈದಾ. "ನಾನು ನಿಜ ಹೇಳೋಣ ಅಂತ ಇಷ್ಟು ದೂರ ಬಂದೆ. ನೀವು ಯಾವಾಗ ಹೇಳ್ತಿದ್ರಿ?"

ಔಸ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ಮೂರು ವಾರದಿಂದ ಹೇಳೋಕೆ ಹೊರಟಿದೀನಿ. ಧೈರ್ಯ ಬಂದಿರಲಿಲ್ಲ. ಬಹುಶಃ ಮದುವೆ ಆದ್ಮೇಲೆ ಹೇಳ್ತಿದ್ದೆ."

ಅವಳು ಪೆಟ್ಟಿಗೆ ಎತ್ತಿಕೊಂಡು ನಡೆದಳು. ಅವನು ಬಾಗಿಲು ಬಿಟ್ಟು ಬರುವಂತಿಲ್ಲ. "ಮೂರೂವರೆಗೆ ಮುಗಿಯುತ್ತೆ!" ಎಂದು ರಸ್ತೆಯ ಆಚೆಗೆ ಕೇಳುವಂತೆ ಕೂಗಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಸ್ ನಿಲ್ದಾಣದಲ್ಲಿ ಗೈದಾ ಎರಡು ಬಸ್ಸು ಬಿಟ್ಟಳು. ಸಿಟ್ಟು ಇಳಿಯಲಿಲ್ಲ. ಆದರೆ ದೊಡ್ಡಮ್ಮನ ಕಾಯಿಲೆ ನೆನಪಾಗಿ ಆ ಸಿಟ್ಟಿಗೆ ನಗುವೂ ಸೇರಿಕೊಂಡಿತು. ಮೂರೂವರೆಗೆ ಅವಳು ಮತ್ತೆ ಬ್ಯಾಂಕಿನ ಮುಂದಿದ್ದಳು. ಮುತಾಜ್ ಇರಲಿಲ್ಲ, ಕುನಾಫಾ ಇರಲಿಲ್ಲ. ಗಾಡಿಯವನ ಬಳಿ ಕಾಗದದ ಲೋಟದಲ್ಲಿ ಚಹಾ ಕುಡಿದು, ಪೆಟ್ಟಿಗೆಯನ್ನೇ ಮಣೆ ಮಾಡಿಕೊಂಡು ಕೂತು, ಇಬ್ಬರೂ ಮೊದಲ ಸಲ ಮನಬಿಚ್ಚಿ ಮಾತಾಡಿದರು. ಬೇಸಿಗೆಯಲ್ಲಿ ಆ ಬಾಗಿಲಲ್ಲಿ ನಿಂತರೆ ಬೂಟಿನೊಳಗೆ ಕಾಲು ಬೇಯುವುದನ್ನು ಅವನು ಹೇಳಿದ. ಚಳಿಗಾಲದಲ್ಲಿ ಮಾಳಿಗೆಯ ಟ್ಯಾಂಕಿಗೆ ಕೈ ಹಾಕಿದರೆ ಬೆರಳು ಇದೆಯೋ ಇಲ್ಲವೋ ತಿಳಿಯದಿರುವುದನ್ನು ಅವಳು ಹೇಳಿದಳು.

"ಇನ್ನು ಸುಳ್ಳು ಹೇಳಿದ್ರೆ ಈ ರೆಂಚಲ್ಲೇ ಕೊಡ್ತೀನಿ," ಎಂದಳು.

"ಅದನ್ನ ಒಳಗೆ ಬಿಡೋ ಹಾಗಿಲ್ಲ," ಎಂದ ಔಸ್.

ಆ ದಿನ ಊಟಕ್ಕೆ ಬೇಳೆ ಸಾರು, ರೊಟ್ಟಿ. ತಟ್ಟೆಗಳು ತುಂಬಿದ ಮೇಲೆ ಗೈದಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಉಮ್ ಮುತಾಜಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು.

"ಕಾವಲುಗಾರ! ಅಯ್ಯೋ, ಆ ಹೆಂಗಸು ನನ್ನ ಸೋಫಾ ಮೇಲೆ ಕೂತು ನನಗೇ ಟೋಪಿ ಹಾಕಿದ್ಲಲ್ಲ!"

"ಅಮ್ಮ, ಅವನು ಬಾಗಿಲು ತೆಗೆಸ್ತೀನಿ ಅಂತಲೇ ಹೇಳಿದ್ದ," ಎಂದು ಮುತಾಜ್ ರೊಟ್ಟಿ ಮುರಿದ.

"ನೀನು ಸುಮ್ಮನಿರೋ! ಮೂರು ವಾರ ತಿಂದೆಯಲ್ಲ, ಒಂದು ಸಲವಾದ್ರೂ ವಿಚಾರಿಸಿದೆಯಾ?"

ಅಷ್ಟರಲ್ಲಿ ಉಮ್ ಔಸಳದೇ ಫೋನು ಬಂತು. ಅವಳ ಮನೆಯಲ್ಲೂ ಮಗ ಹೇಳಿಬಿಟ್ಟಿದ್ದ. ಇಬ್ಬರು ತಾಯಂದಿರ ದನಿ ಕೋಣೆಯಲ್ಲಿ ತುಂಬಿತು.

"ಇಲಾಖೆ ಅಂದ್ರಲ್ಲ, ನಾಚಿಕೆ ಆಗಲ್ವಾ?"

"ಮ್ಯಾನೇಜರ್ ಅಂದೋರಿಗೆ ಆಗಬೇಕು ನಾಚಿಕೆ!"

"ನಾನು ಯಾವಾಗ ಮ್ಯಾನೇಜರ್ ಅಂದೆ?"

"ಯಾವಾಗ ಅಲ್ಲ ಅಂದ್ರಿ?"

ಉಮ್ ಮುತಾಜ್ ಫೋನು ಕುಕ್ಕಿ ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಇವಳಿಗೆ. ಮುಗೀತು ಅನ್ನಿ."

ಅಬು ಮುತಾಜ್ ರೇಡಿಯೋ ಆರಿಸಿದ. ಎಲ್ಲರೂ ಅವನತ್ತ ನೋಡಿದರು.

"ನಾನು ಬಸ್ ಓಡಿಸ್ತಿದ್ದೆ. ನಿನ್ನನ್ನ ಕೇಳೋಕೆ ಬಂದಾಗ ನಮ್ಮೋರು ನಿಮ್ಮಪ್ಪನಿಗೆ ಏನಂದ್ರು, ನೆನಪಿದೆಯಾ?"

ಉಮ್ ಮುತಾಜ್ ಸೌಟು ಎತ್ತಿ ಸಾರು ಕದಡತೊಡಗಿದಳು.

"'ಹುಡುಗ ಸಾರಿಗೆಯಲ್ಲಿದಾನೆ' ಅಂದ್ರು. ನಿಮ್ಮಪ್ಪ ಆಫೀಸು ಅಂದ್ಕೊಂಡ. ಮದುವೆಯಾದ ತಿಂಗಳು ನೀನೇ ನನ್ನ ಬಸ್ಸು ಹತ್ತಿ ಟಿಕೆಟ್ ಕೇಳಿದೆ."

ಅಜ್ಜಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಉಮ್ ಮುತಾಜ್ ಅಳುತ್ತ ಎದ್ದು ಹೋದಳು.

ಮುಂದಿನ ಮೂರು ವಾರ ಅವಳು ಮಗಳೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ತನ್ನ ಅತ್ತೆ ನಿಜ್ಮಾ ಅಜ್ಜಿಯ ಮೂಲಕ ಹೇಳುತ್ತಿದ್ದಳು. "ಅತ್ತೆ, ಅವಳ ತಟ್ಟೆ ಮುಚ್ಚಿಟ್ಟಿದೀನಿ ಅಂತ ಹೇಳಿ." ಗೈದಾ ಎದುರೇ ನಿಂತಿರುತ್ತಿದ್ದಳು. ಅವಳು ಔಸ್‌ನನ್ನು ನೋಡುವುದನ್ನು ಬಿಡಲಿಲ್ಲ, ಕದ್ದೂ ನೋಡಲಿಲ್ಲ. "ಬ್ಯಾಂಕಿನ ಬಾಗಿಲಿಗೆ ಹೋಗಿ ಬರ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಹೊರಡುತ್ತಿದ್ದಳು. ನೀರಿನ ದಿನ ಬಟ್ಟೆ ಹಿಂಡುವ ಕೆಲಸ ಮುತಾಜನ ತಲೆಗೆ ಬಂತು. ಅವನು ಹಿಂಡಿದ ಬಟ್ಟೆ ಎರಡು ದಿನ ತೊಟ್ಟಿಕ್ಕುತ್ತಿತ್ತು.

ಔಸ್ ಒಂದು ದಿನ ಪೆಚ್ಚುಮೋರೆ ಹಾಕಿಕೊಂಡು ಬಂದ. ಹೆಣ್ಣು ಕೇಳಲು ಹಿರಿಯರನ್ನು ಕರೆದುಕೊಂಡು ಬರಬೇಕಾದವಳು ಅವನ ತಾಯಿ. ಅವಳು ಸುತರಾಂ ಒಪ್ಪುತ್ತಿಲ್ಲ. ಸೋದರಮಾವನೂ ಅಕ್ಕನ ಮಾತು ಮೀರುವವನಲ್ಲ.

ಗೈದಾ ಮನೆಗೆ ಬಂದು ಚಪ್ಪಲಿ ಬಿಡದೆಯೇ ಹೇಳಿದಳು. "ಅವರು ಕೇಳೋಕೆ ಬರಲ್ವಂತೆ. ಸರಿ, ನಾನೇ ಹೋಗಿ ಕೇಳ್ತೀನಿ."

ಉಮ್ ಮುತಾಜ್ ಮಾತು ಬಿಟ್ಟಿದ್ದನ್ನು ಮರೆತಳು. "ಹುಡುಗಿ ಹೋಗಿ ಗಂಡು ಕೇಳ್ತಾಳಾ? ಲೋಕದಲ್ಲಿ ಎಲ್ಲಾದ್ರೂ ಉಂಟಾ? ಅತ್ತೆ, ನೀವಾದ್ರೂ ಬುದ್ಧಿ ಹೇಳಿ!"

ನಿಜ್ಮಾ ಅಜ್ಜಿ ಕೋಲು ಹುಡುಕುತ್ತಿದ್ದಳು. "ಕೇಳೋಕೆ ಹೋಗೋವಾಗ ಹಿರಿಯರು ಒಬ್ರು ಬೇಕಲ್ಲ. ನನ್ನ ಕಪ್ಪು ಶಾಲು ಕೊಡು."

"ಅತ್ತೆ! ಇವಳ ಕೆಲಸ ಕಂಡ್ರೆ ನಿಮಗೇ ಆಗಲ್ಲ!"

"ಈಗಲೂ ಆಗಲ್ಲ. ಅದಕ್ಕೂ ಇದಕ್ಕೂ ಏನು? ಇವಳು ನನ್ನ ಮೊಮ್ಮಗಳು. ಬೈಯೋದು ನನ್ನ ಹಕ್ಕು, ಆ ಸ್ವೇಲೆಹ್‌ನವಳದ್ದಲ್ಲ."

ಶುಕ್ರವಾರ ಮಧ್ಯಾಹ್ನ ಅಜ್ಜಿ, ಗೈದಾ, ಮುತಾಜ್ ಮೂವರೂ ಬಸ್ಸಿನಲ್ಲಿ ಸ್ವೇಲೆಹ್‌ಗೆ ಹೋದರು. ಉಮ್ ಮುತಾಜ್ ಬಾಗಿಲು ಹಾಕಿಕೊಂಡು ಮಲಗಿದ್ದಳು. ಉಮ್ ಔಸ್ ಬಾಗಿಲು ತೆರೆದು ಬೆಪ್ಪಾದಳು. ಮನೆಗೆ ಬಂದ ಮುದುಕಿಯನ್ನು ಹೊರಗೆ ನಿಲ್ಲಿಸುವಂತಿಲ್ಲ. ಕೂರಿಸಿದಳು, ಏಲಕ್ಕಿ ಹಾಕಿದ ಕಾಫಿ ತಂದು ಮುಂದಿಟ್ಟಳು. ಔಸ್ ಗೋಡೆಗೆ ಒರಗಿ ನಿಂತ.

ಅಜ್ಜಿ ತನ್ನ ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟಳು. "ನಾವು ನಿನ್ನ ಮಗನನ್ನ ಕೇಳೋಕೆ ಬಂದಿದೀವಿ. ಕೊಡ್ತೀನಿ ಅನ್ನೋವರೆಗೆ ನಿನ್ನ ಕಾಫಿ ಮುಟ್ಟಲ್ಲ."

ಕೇಳಿದ್ದು ಸಿಗುವವರೆಗೆ ಕಾಫಿ ಮುಟ್ಟದೆ ಕೂರುವುದು ಗಂಡಿನ ಕಡೆಯ ಹಿರಿಯರ ಹಕ್ಕು. ಹತ್ತಿಪ್ಪತ್ತು ಗಂಡಸರು ಹೆಣ್ಣಿನ ಮನೆಗೆ ಹೋಗಿ ಹಾಗೆ ಕೂರುತ್ತಾರೆ. ಕಾಫಿ ಕುಡಿಯದೆ ಅವರನ್ನು ಕಳಿಸಿದರೆ ಮನೆಯವರಿಗೆ ಅವಮಾನ. ಎಂಬತ್ತರ ಮುದುಕಿಯೊಬ್ಬಳು ಗಂಡಿನ ಮನೆಯಲ್ಲಿ ಹಾಗೆ ಕೂತದ್ದನ್ನು ಉಮ್ ಔಸ್ ಕಂಡಿರಲಿಲ್ಲ, ಕೇಳಿರಲಿಲ್ಲ. ಗೈದಾ ತನ್ನ ಕಪ್ಪನ್ನೂ ಪಕ್ಕಕ್ಕಿಟ್ಟಳು. ಮುತಾಜ್ ಆಗಲೇ ತುಟಿಗೆ ತಂದಿದ್ದ. ಅಜ್ಜಿಯ ಕೋಲು ಅವನ ಮಂಡಿಗೆ ತಗುಲಿತು.

"ಇದೇನು ತಮಾಷೆ?" ಎಂದಳು ಉಮ್ ಔಸ್. "ಕಾಫಿ ಆರ್ತಿದೆ, ಕುಡಿದು ಹೊರಡಿ."

"ಆರಲಿ. ನನಗೇನು ಅವಸರ ಇಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು. ಉಮ್ ಮುತಾಜ್! ಅವರ ಹಿಂದೆಯೇ ಇನ್ನೊಂದು ಬಸ್ಸಿಗೆ ಬಂದಿದ್ದಳು. ಕಣ್ಣು ಊದಿತ್ತು, ತಲೆವಸ್ತ್ರ ಸೊಟ್ಟಗಿತ್ತು. ಗೈದಾ ಎದ್ದು ನಿಂತಳು. ಇನ್ನು ರಟ್ಟೆ ಹಿಡಿದು ಎಳೆಯುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು.

"ಒಳ್ಳೇ ಹೊತ್ತಿಗೆ ಬಂದ್ರಿ," ಎಂದಳು ಉಮ್ ಔಸ್. "ಕರ್ಕೊಂಡು ಹೋಗಿ ನಿಮ್ಮ ಮಗಳನ್ನ. ಕಂಡವರ ಕಕ್ಕಸು ತೆರೆಯೋಳನ್ನ ಸೊಸೆ ಅಂತ ನಾನು ನಾಲ್ಕು ಜನಕ್ಕೆ ಹೇಗೆ ಹೇಳ್ಲಿ?"

ಉಮ್ ಮುತಾಜ್ ಮಗಳನ್ನು ನೋಡಿದಳು. ಇವಳನ್ನು ಕರೆದೊಯ್ಯಲೆಂದೇ ಅವಳು ಬಂದದ್ದು. ಆದರೆ ಆ ಮಾತನ್ನು ಇನ್ನೊಬ್ಬಳ ಬಾಯಿಂದ ಕೇಳಿದಾಗ ತಲೆವಸ್ತ್ರ ಸರಿಮಾಡಿಕೊಂಡು ಉಮ್ ಔಸಳ ಕಡೆ ತಿರುಗಿದಳು.

"ಹೇಗೆ ಹೇಳೋದು ಅಂತ ನಾನು ಹೇಳಿಕೊಡ್ತೀನಿ, ಕೇಳಿ," ಎಂದಳು. "ನನ್ನ ಮಗಳು ಪ್ಲಂಬರ್. ಅಷ್ಟೇ. ನಾಲಿಗೆ ಏನೂ ಸುಡಲ್ಲ. ನಾನೂ ಈಗಲೇ ಮೊದಲ ಸಲ ಹೇಳ್ತಿರೋದು." ಅತ್ತೆಯ ಪಕ್ಕ ಹೋಗಿ ಕೂತಳು. "ನನಗೂ ಒಂದು ಕಾಫಿ ಕೊಡಿ."

"ನೀವು ಕುಡೀತೀರಾ?"

"ಕುಡಿಯಲ್ಲ. ಮುಂದೆ ಇಟ್ಕೊಂಡು ಕೂರೋಕೆ ನನಗೂ ಒಂದು ಬೇಕಲ್ಲ."

ಉಮ್ ಔಸ್ ಯಾಂತ್ರಿಕವಾಗಿ ಇನ್ನೊಂದು ಕಪ್ಪು ತಂದಿಟ್ಟಳು. ನಾಲ್ಕು ಕಪ್ಪುಗಳಿಂದಲೂ ಹಬೆ ಏಳುವುದು ನಿಂತಿತು. ಯಾರೂ ಅಲುಗಲಿಲ್ಲ. ಬೀದಿಯಲ್ಲಿ ಗ್ಯಾಸ್ ಮಾರುವವನ ಗಾಡಿ ಹಾಡು ಹಾಕಿಕೊಂಡು ಹೋಯಿತು.

ಉಮ್ ಔಸ್ ಕೊನೆಗೆ ಮಗನ ಕಡೆ ತಿರುಗಿದಳು. "ನಿನಗೇನು ಬೇಕೋ?"

"ಇವಳು ಬೇಕು," ಎಂದ ಔಸ್. "ಇನ್ನು ಯಾರಾದ್ರೂ ಕೇಳಿದ್ರೆ, ಬ್ಯಾಂಕಿನ ಬಾಗಿಲು ಕಾಯ್ತಾನೆ ಅನ್ನು ಅಮ್ಮ. ನನಗೂ ಹಗುರಾಗುತ್ತೆ."

ಉಮ್ ಔಸ್ ನಾಲ್ಕೂ ಕಪ್ಪುಗಳನ್ನು ತಟ್ಟೆಗೆ ಎತ್ತಿಕೊಂಡು ಒಳಗೆ ಹೋದಳು. ಕಾಫಿಯನ್ನು ಸಿಂಕಿಗೆ ಸುರಿದ ಸದ್ದು ಕೇಳಿಸಿತು. ಮುತಾಜ್ ಎದ್ದು ನಿಂತ. ಅಜ್ಜಿ ಅವನ ಅಂಗಿ ಹಿಡಿದು ಕೂರಿಸಿದಳು. ಒಲೆ ಹತ್ತಿಸಿದ ಸದ್ದು ಬಂತು, ಆಮೇಲೆ ಏಲಕ್ಕಿಯ ವಾಸನೆ.

ಉಮ್ ಔಸ್ ಹೊಸ ಕಾಫಿ ತಂದು ಮೊದಲು ಗೈದಾಳ ಮುಂದೆ ಹಿಡಿದಳು. ಅವಳ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಬಿಸಿ ಇದೆ. ಕುಡಿ."

ಗೈದಾ ಕಪ್ಪು ತೆಗೆದುಕೊಳ್ಳಲಿಲ್ಲ. "ನಾನು ಕೆಲಸ ಬಿಡಲ್ಲ. ಅದನ್ನ ಈಗಲೇ ಹೇಳಿಬಿಡ್ತೀನಿ."

"ಬಿಡು ಅಂದೆನಾ? ಕುಡಿ ಅಂದೆ."

ಗೈದಾ ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು, ನಾಲಿಗೆ ಸುಟ್ಟರೂ ನಿಲ್ಲಿಸದೆ, ನಿಂತ ಹಾಗೆಯೇ ಪೂರ್ತಿ ಕುಡಿದಳು.